ಮೆಣಸಗಿಯ ಹೊರೆ, ಬ್ಯಾಡಗಿಯ ದಾರಿ

ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಗೆ ಹತ್ತಿಕೊಂಡಿರುವ ಊರು ಮೆಣಸಗಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ನವಿಲುತೀರ್ಥ ಅಣೆಕಟ್ಟು ದಾಟಿ ಬರುವ ಹೊಳೆಗೆ ಬೆಣ್ಣೆಹಳ್ಳ ಬಂದು ಕೂಡುವುದು ಇದೇ ಸುತ್ತಿನಲ್ಲಿ. ಎತ್ತ ನೋಡಿದರೂ ಎರಿ ಹೊಲ. ಮುಂಗಾರಿಗೆ ಹೆಸರು, ಶೇಂಗಾ, ಗೋವಿನಜೋಳ. ಹಿಂಗಾರಿಗೆ ಬಿಳಿಜೋಳ, ಕಡಲೆ. ಇವುಗಳ ಜೊತೆಗೆ ಹತ್ತಿ, ಉಳ್ಳಾಗಡ್ಡಿ, ಒಣಮೆಣಸಿನಕಾಯಿ. ಬೆಳೆದ ಮಾಲಿನಲ್ಲಿ ಬಹುಪಾಲು ಊರು ಬಿಟ್ಟು ಹೋಗಲೇಬೇಕು. ಕಡಲೆ ಗದಗಕ್ಕೆ, ಹತ್ತಿ ಹುಬ್ಬಳ್ಳಿಗೆ, ಉಳ್ಳಾಗಡ್ಡಿ ಬೆಂಗಳೂರಿನ ಯಶವಂತಪುರಕ್ಕೆ, ಮೆಣಸಿನಕಾಯಿ ಬ್ಯಾಡಗಿಗೆ. ಬಿತ್ತುವುದು, ಕಳೆ ತೆಗೆಯುವುದು, ರಾಶಿ ಮಾಡುವುದು ಎಲ್ಲ ಮುಗಿದ ಮೇಲೂ ಒಕ್ಕಲುತನದ ಒಂದು ಕೆಲಸ ಬಾಕಿ ಇರುತ್ತದೆ. ಅದು ಲಾರಿಯ ಮೇಲೆ, ಹಗ್ಗ ಮತ್ತು ತಾಡಪತ್ರಿಯ ಕೆಲಸ. ಅದು ಕೆಟ್ಟರೆ ಹಿಂದಿನ ಕೆಲಸವೆಲ್ಲ ರಸ್ತೆಯ ಪಾಲು.

ಆ ಕೆಲಸ ಕಲಿಯಲು ನಾನು ಈ ಭಾಗದ ಒಂದು ಲಾರಿಗೆ ಎರಡನೇ ಡ್ರೈವರ್ ಆಗಿ ಸೇರಿದೆ. ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷ ಆಗಿರಬೇಕು, ವಯಸ್ಸು 20 ತುಂಬಿರಬೇಕು, ಆಮೇಲೆಯೇ ಸರಕು ಲಾರಿ ಕಲಿಯಲು ಕಾನೂನು ಬಿಡುತ್ತದೆ. ಅವೆರಡನ್ನೂ ದಾಟಿ ಪರೀಕ್ಷೆಗೆ ನಿಂತಾಗ ಗಾಡಿ ಮುಂದೆ ಓಡಿಸಿ ತೋರಿಸಿದೆ, ಹಿಂದಕ್ಕೆ ತೆಗೆದು ತೋರಿಸಿದೆ. ಕೈಗೊಂದು ಹಗ್ಗ ಕೊಟ್ಟು ಗಂಟು ಹಾಕು ಎಂದು ಯಾರೂ ಕೇಳಲಿಲ್ಲ. ಅದನ್ನು ಹೇಳಿಕೊಟ್ಟವರು ಆ ಲಾರಿಯ ಹಿರಿಯ ಡ್ರೈವರು. ಊರಿನವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಮೆಣಸಿನಕಾಯಿ ಹೇರುವುದು ಬೆಳಗಿನ ತಂಪಿನಲ್ಲಿ. ಆಗ ಕಾಯಿ ಮೆತ್ತಗಿರುತ್ತದೆ, ತುಳಿದರೂ ಒತ್ತಿದರೂ ಮುರಿಯುವುದು ಕಡಿಮೆ. ಬಿಸಿಲೇರಿದರೆ ಗರಿಗರಿಯಾಗಿ ಒಡೆದು ಬೀಜ ಉದುರುತ್ತದೆ. ಹಮಾಲರು ಚೀಲಕ್ಕೆ ಕೈ ಹಾಕುವ ಮೊದಲು ಕಾಕಾ ನನ್ನನ್ನು ಬರಿದಾದ ಲಾರಿಯೊಳಗೆ ಹತ್ತಿಸಿದರು.

“ಮೊದಲ ಲಾರಿ ನೋಡು ತಮ್ಮಾ, ಆಮ್ಯಾಲ ಲೋಡು ನೋಡು” ಎಂದರು.

ಹಲಗೆಯಲ್ಲಿ ಎದ್ದ ಮೊಳೆ ಇದೆಯೇ, ಹಿಂದಿನ ಬಾಡಿಗೆಯ ಸಿಮೆಂಟಿನ ಪುಡಿ ಉಳಿದಿದೆಯೇ, ಎಲ್ಲಾದರೂ ಪಸೆ ಇದೆಯೇ ಎಂದು ಕೈಯಾಡಿಸಿ ನೋಡಬೇಕು. ಬಾಡಿಯ ಕೆಳಗೆ ಹಗ್ಗ ಸಿಕ್ಕಿಸುವ ಕೊಕ್ಕೆಗಳನ್ನು ಒಂದೊಂದಾಗಿ ಎಳೆದು ನೋಡಬೇಕು. ಬೆಸುಗೆ ಬಿಟ್ಟ ಕೊಕ್ಕೆಗೆ ಎಂಥ ಗಟ್ಟಿ ಹಗ್ಗ ಕಟ್ಟಿದರೂ ಅದು ಕಟ್ಟಿದ ಹಾಗಲ್ಲ. ಹಗ್ಗವನ್ನೂ ಉದ್ದಕ್ಕೂ ಬೆರಳಲ್ಲಿ ಸವರಿ ನೋಡಬೇಕು. ಹಿಂದೆ ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ ಈ ಸೀಮೆಯಲ್ಲೂ ಈಗ ನೈಲಾನ್ ಹಗ್ಗವೇ ಹೆಚ್ಚು. ನೈಲಾನು ಗಟ್ಟಿ, ಆದರೆ ಹಿಗ್ಗುತ್ತದೆ. ನಮ್ಮ ಬಿಸಿಲಿಗೆ ವರ್ಷಗಟ್ಟಲೆ ಬಿದ್ದರೆ ಮೇಲಿನ ಎಳೆಗಳು ಪುಡಿಪುಡಿಯಾಗಿ ಏಳುತ್ತವೆ. ಎಳೆ ಎದ್ದ ಹಗ್ಗವನ್ನು ಕಾಕಾ ಲೋಡಿಗೆ ಮುಟ್ಟಿಸುತ್ತಿರಲಿಲ್ಲ.

ಆಮೇಲೆ ಚೀಲ ಒಟ್ಟುವ ಕ್ರಮ. ಮುಂದಿನ ಗೋಡೆಗೆ ಒತ್ತಿ ಶುರು ಮಾಡಬೇಕು, ನಡುವೆ ಸಂದಿ ಬಿಡಬಾರದು. ಬ್ರೇಕ್ ಹಾಕಿದಾಗ ಸರಕು ಓಡಿಬಂದು ಗುದ್ದುವುದು ಆ ಸಂದಿಯಿದ್ದಾಗಲೇ. ಕೆಳಗಿನ ಸಾಲಿನ ಎರಡು ಚೀಲ ಕೂಡುವ ಜಾಗದ ಮೇಲೆ ಮೇಲಿನ ಚೀಲದ ನಡು ಬರಬೇಕು. ಎಡಬಲ ಸಮ ಇರಬೇಕು. ಮೆಣಸಿನಕಾಯಿ ಹಗುರ ಮಾಲು. ತೂಕದ ಮಿತಿ ಮುಟ್ಟುವ ಎಷ್ಟೋ ಮೊದಲೇ ಲಾರಿ ತುಂಬಿ ಮೇಲಕ್ಕೆ ಬೆಳೆಯುತ್ತದೆ. ಎತ್ತರ ಹೆಚ್ಚಿದಷ್ಟೂ ತಿರುವಿನಲ್ಲಿ ವಾಲುತ್ತದೆ, ಹಳ್ಳಿಯ ಕರೆಂಟಿನ ತಂತಿಗೂ ಹತ್ತಿರವಾಗುತ್ತದೆ. “ಇನ್ನ ಎರಡು ಸಾಲು ಹಿಡಸ್ತಾವು” ಎಂದು ಯಾರೋ ಒತ್ತಾಯಿಸಿದಾಗ ಕಾಕಾ ತಲೆ ಎತ್ತಿ ತಂತಿ ನೋಡಿದರು, “ಸಾಕು” ಎಂದರು. ಹೊರೆ ಕಟ್ಟುವವನಿಗೆ ಬೇಡ ಎನ್ನುವ ಧೈರ್ಯವೂ ಬೇಕು.

ನನಗೆ ಮೊದಲು ತಿಳಿಯದಿದ್ದ ಒಂದು ಮಾತನ್ನು ಅವರು ಆ ಹೊತ್ತು ಹೇಳಿದರು. “ತಾಡಪತ್ರಿ ಮಳಿಗೆ, ಹಗ್ಗ ರಸ್ತೆಗೆ. ಒಂದರ ಕೆಲಸ ಇನ್ನೊಂದಕ್ಕ ಹಚ್ಚಬ್ಯಾಡ.” ತಾಡಪತ್ರಿ ಹೊದಿಸಿ ಬಿಗಿದರೆ ನೋಡುವವರಿಗೆ ಲೋಡು ಗಟ್ಟಿ ಕಾಣುತ್ತದೆ. ಒಳಗೆ ಚೀಲಗಳು ಸಡಿಲಿದ್ದರೆ ಆ ಬಟ್ಟೆ ಏನನ್ನೂ ತಡೆಯುವುದಿಲ್ಲ, ಬರೀ ಮುಚ್ಚಿಡುತ್ತದೆ. ಆದ್ದರಿಂದ ತಾಡಪತ್ರಿ ಇಲ್ಲದಿದ್ದರೂ ನಿಲ್ಲುವಂತೆ ಮೊದಲು ಲೋಡನ್ನು ಕಟ್ಟಬೇಕು. ಅದರ ಮೇಲೆ ತಾಡಪತ್ರಿ, ಅದಕ್ಕೆ ಬೇರೆಯದೇ ಹಗ್ಗ.

ಲೋಡಿನ ಹಗ್ಗ ಅಡ್ಡಡ್ಡ ಬರಬೇಕು. ಒಂದು ಕಡೆಯ ಕೊಕ್ಕೆಗೆ ಕಟ್ಟಿ, ಮೇಲಿಂದ ಎಸೆದು, ಆಚೆ ಬದಿಯಲ್ಲಿ ಎಳೆಯುವುದು. ಬರಿಗೈಯಲ್ಲಿ ಎಳೆದರೆ ಎಷ್ಟು ಬಿಗಿ ಬಂದೀತು? ಅದಕ್ಕೆ ಲಾರಿಯವರ ಗಂಟಿದೆ. ಇಳಿಬಿದ್ದ ಹಗ್ಗದ ನಡುವೆ, ಎದೆಯ ಎತ್ತರಕ್ಕೆ ಒಂದು ಕುಣಿಕೆ ತಿರುವಬೇಕು. ಕೆಳಗಿನ ಹಗ್ಗವನ್ನು ಕೊಕ್ಕೆಯಡಿ ಹಾಯಿಸಿ, ಮೇಲಕ್ಕೆ ತಂದು, ಆ ಕುಣಿಕೆಯಲ್ಲಿ ತೂರಿಸಿ ಕೆಳಕ್ಕೆ ಎಳೆಯಬೇಕು. ಕುಣಿಕೆ ರಾಟಿಯಂತೆ ಕೆಲಸ ಮಾಡುತ್ತದೆ. ಲೆಕ್ಕದ ಪ್ರಕಾರ ಎಳೆದ ಬಲದ ಮೂರು ಪಟ್ಟು ಬಿಗಿ ಬರಬೇಕು, ಹಗ್ಗಕ್ಕೆ ಹಗ್ಗ ಉಜ್ಜುವುದರಿಂದ ಅದಕ್ಕಿಂತ ಕಡಿಮೆ ಬರುತ್ತದೆ. ಆದರೂ ಒಬ್ಬ ಮನುಷ್ಯನ ಮೈಬಲಕ್ಕೆ ಅದು ದೊಡ್ಡ ಗಳಿಕೆ. ಜಗತ್ತಿನ ಎಷ್ಟೋ ನಾಡುಗಳ ಲಾರಿಯವರು, ಗಾಡಿಯವರು ಇದೇ ಗಂಟನ್ನು ಹಾಕುತ್ತಾರೆ. ಕೊನೆಯ ಸುತ್ತನ್ನು ಮಡಚಿ ಸಿಕ್ಕಿಸಬೇಕು. ಬಿಚ್ಚುವಾಗ ತುದಿ ಹಿಡಿದು ಒಂದೇ ಜಗ್ಗು ಜಗ್ಗಿದರೆ ಬಿಚ್ಚಿಕೊಳ್ಳಬೇಕು, ದಾರಿಯಲ್ಲಿ ಎಷ್ಟು ಕುಲುಕಿದರೂ ಬಿಚ್ಚಬಾರದು. ಒಳ್ಳೆಯ ಗಂಟಿನ ಗುಣ ಅದು.

ತಾಡಪತ್ರಿಯ ಸರದಿ ಬಂದಾಗ ಹಿಂದಿನದನ್ನು ಮೊದಲು ಹಾಸಿದೆವು, ಮುಂದಿನದನ್ನು ಅದರ ಮೇಲೆ ಬರುವಂತೆ ಹೊದಿಸಿದೆವು. ಲಾರಿ ಓಡುವಾಗ ಗಾಳಿ ಮುಂದಿನಿಂದ ಬರುತ್ತದೆ. ಸೇರುವ ಅಂಚು ಹಿಂದಕ್ಕೆ ಬಾಯಿ ತೆರೆದಿದ್ದರೆ ಗಾಳಿ ಒಳಗೆ ನುಗ್ಗುವುದಿಲ್ಲ. ಮುಂದಿನ ಮೂಲೆಗಳ ಮಡಿಕೆಯನ್ನು ಒಳಗೆ ಸೇರಿಸಿ ಬದಿಗೆ ಎಳೆದು ಕಟ್ಟುವಾಗ ಕಾಕಾ, “ಕೂಸಿಗೆ ಕುಂಚಿಗಿ ಕಟ್ಟಿದಂಗ ಇರಬೇಕು. ಮಾರಿಗೆ ಗಾಳಿ ಹೊಡದರೂ ಕಿವಿಯೊಳಗ ಹೋಗಬಾರದು” ಎಂದರು. ಆ ಮಾತು ಕೇಳಿದ ಮೇಲೆ ನಾನು ಮಡಿಕೆ ತಪ್ಪಿಸಿಲ್ಲ. ಮೇಲೆ ನೀರು ನಿಲ್ಲುವ ತಗ್ಗು ಇರದಂತೆ ನಡುವೆ ಚೀಲಗಳ ಏಣು ಇಡಬೇಕು. ಚೂಪಾದ ಮೂಲೆ ಬಂದಲ್ಲಿ ಗೋಣಿತಟ್ಟಿನ ತುಂಡು ಮಡಚಿ ಇಡಬೇಕು. ಇಲ್ಲದಿದ್ದರೆ ಹಗ್ಗ ತಾಡಪತ್ರಿಯನ್ನು ಸವೆಸುತ್ತದೆ, ಮೂಲೆ ಹಗ್ಗವನ್ನು ಸವೆಸುತ್ತದೆ.

ಈ ಕೆಲಸದಲ್ಲಿ ಮನುಷ್ಯ ಬೀಳುವ ಭಯ ದೊಡ್ಡದು. ಹಗ್ಗದ ಮೇಲೆ ಇಡೀ ಮೈಭಾರ ಹಾಕಿ ಹಿಂದಕ್ಕೆ ವಾಲಿ ಎಳೆಯುವಾಗ ಹಗ್ಗ ಕಡಿದರೆ ಎಳೆಯುವವನು ಅಂಗಾತ ಬೀಳುತ್ತಾನೆ. ಲೋಡಿನ ಅಂಚಿನಲ್ಲಿ ಬೆನ್ನು ಹೊರಗೆ ಮಾಡಿ ನಿಲ್ಲಬೇಡ, ಗಾಳಿ ಬೀಸುವಾಗ ತಾಡಪತ್ರಿಯ ತುದಿಯನ್ನು ಕೈಗೆ ಸುತ್ತಿಕೊಳ್ಳಬೇಡ, ಎಂದು ಕಾಕಾ ಮತ್ತೆ ಮತ್ತೆ ಹೇಳಿದರು. ಬರಿಗಾಲಲ್ಲಿ ಚೀಲದ ಮೇಲೆ ಓಡಾಡುವ ಹಮಾಲರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ನಮ್ಮ ಮಾರುಕಟ್ಟೆಗಳು ನಿಂತಿರುವುದು ಅವರ ಕಾಲಿನ ಹಿಡಿತದ ಮೇಲೆ.

ಬಿಸಿಲು ಏರುವ ಹೊತ್ತಿಗೆ ಹೊರಟೆವು. ಹೊಳೆಆಲೂರು ದಾಟಿ ರೋಣದ ದಾರಿ ಹಿಡಿದರೆ ಎರಿ ಮಣ್ಣಿನ ಮೇಲೆ ಹಾಸಿದ ರಸ್ತೆಯ ಸ್ವಭಾವ ತಿಳಿಯುತ್ತದೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ನೆಲ ಅದು. ಅದರ ಮೇಲಿನ ಡಾಂಬರೂ ಅಲೆಯಲೆಯಾಗಿ ಏರಿಳಿಯುತ್ತದೆ. ಒಂದೊಂದು ಕುಲುಕಿಗೂ ಚೀಲಗಳು ಒಂದಿಷ್ಟು ಕುಸಿಯುತ್ತವೆ, ಹಗ್ಗ ಅಷ್ಟೇ ಸಡಿಲಾಗುತ್ತದೆ. ರೋಣದಾಚೆ ಕಾಕಾ ಲಾರಿ ಬದಿಗೆ ನಿಲ್ಲಿಸಿದರು.

“ಏನಾತ್ರಿ ಕಾಕಾ?”

“ಏನೂ ಆಗಿಲ್ಲ. ಏನೂ ಆಗಬಾರದಂತ ಇಳಿಯೂದು. ಲೋಡು ಈಗ ಕುಂತಿರತೈತಿ.”

ಹಗ್ಗಗಳನ್ನು ಒಂದೊಂದಾಗಿ ಒತ್ತಿ ನೋಡಿದೆವು. ಹೊರಡುವಾಗ ಕಲ್ಲಿನಂತಿದ್ದ ಹಗ್ಗ ಈಗ ಕೈಗೆ ಬಗ್ಗುತ್ತಿತ್ತು. ಎಲ್ಲವನ್ನೂ ಮತ್ತೆ ಬಿಗಿದೆವು. ಅಮೆರಿಕದ ನಿಯಮ ಇದನ್ನೇ ಲಿಖಿತವಾಗಿ ಹೇಳುತ್ತದೆ: ಹೊರಟ ಮೊದಲ 50 ಮೈಲಿಯೊಳಗೆ, ಅಂದರೆ ಸುಮಾರು 80 ಕಿಲೋಮೀಟರಿನೊಳಗೆ, ಡ್ರೈವರ್ ನಿಲ್ಲಿಸಿ ಲೋಡು ನೋಡಬೇಕು. ಆಮೇಲೆ ಅವನ ಪಾಳಿ ಬದಲಾದಾಗ, ಇಲ್ಲವೇ ಮೂರು ಗಂಟೆಗೊಮ್ಮೆ, ಇಲ್ಲವೇ 150 ಮೈಲಿಗೊಮ್ಮೆ, ಯಾವುದು ಮೊದಲೋ ಆಗ ಮತ್ತೆ ನೋಡಬೇಕು. ಕಾಕಾ ಆ ನಿಯಮ ಓದಿದವರಲ್ಲ. ರೋಣದ ರಸ್ತೆಯೇ ಅವರಿಗೆ ಅದನ್ನು ಕಲಿಸಿತ್ತು.

ಗದಗ ಬಂತು. ಹೊರೆ ಹೇರಿ ಕಳಿಸುವುದರಲ್ಲಿ ಈ ಊರಿಗೆ ಹಳೆಯ ಹೆಸರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಲ್ಯಾಂಕಾಶೈರಿನ ಗಿರಣಿಗಳಿಗೆ ಸಿಗದಾಯಿತು, ಧಾರವಾಡ ಸೀಮೆಯ ಹತ್ತಿಗೆ ಬೆಲೆ ಏರಿತು. ಆಗ ರೈಲು ಇರಲಿಲ್ಲ. ಚಕ್ಕಡಿಗಳು ಹತ್ತಿಯ ಅಂಡಿಗೆ ಹೇರಿಕೊಂಡು ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದವು. ಈ ಕಡೆಯ ನಾಟಿ ಹತ್ತಿಗೆ ವ್ಯಾಪಾರದಲ್ಲಿ ಕುಮಟಾ ಹತ್ತಿ ಎಂದೇ ಹೆಸರು ಬಿತ್ತು. ಎತ್ತಿನ ಕಾಲು ಜಾರುವ ಇಳಿಜಾರಿನಲ್ಲಿ ಆ ಅಂಡಿಗೆಗಳನ್ನು ನಿಲ್ಲಿಸಿದ್ದು ನಾರಿನ ಹಗ್ಗ, ಕಟ್ಟಿದವರ ಕೈ. 1884ರಲ್ಲಿ ಹೋಟಗಿ–ಗದಗ ರೈಲು ಬಂದ ಮೇಲೆ ಆ ಚಕ್ಕಡಿ ದಾರಿ ಕರಗಿತು. ರೈಲಿನ ನಂತರ ಲಾರಿಯ ಕಾಲ. ಇದೇ ಗದಗದ ವಿಜಯ ಸಂಕೇಶ್ವರ ಅವರು 1976ರಲ್ಲಿ ಒಂದೇ ಲಾರಿಯಿಂದ ಶುರು ಮಾಡಿದ ಸಾಗಣೆ ಉದ್ಯಮ ವಿಆರ್‌ಎಲ್ ಹೆಸರಿನಲ್ಲಿ ದೇಶದ ದೊಡ್ಡ ಸಂಸ್ಥೆಗಳಲ್ಲಿ ಒಂದಾಗಿ ಬೆಳೆಯಿತು. ಉದ್ಯಮ ಕಟ್ಟಿದವರ ಹೆಸರು ಚರಿತ್ರೆಗೆ ಸಿಕ್ಕಿದೆ. ಅಂಡಿಗೆ ಕಟ್ಟಿದವರ ಹೆಸರು ಎಲ್ಲೂ ಬರೆದಿಲ್ಲ, ಅವರ ವಿದ್ಯೆ ಮಾತ್ರ ಕೈಯಿಂದ ಕೈಗೆ ದಾಟಿ ಕಾಕಾನ ತನಕ ಬಂದಿದೆ.

ಗದಗದಿಂದ ಅಣ್ಣಿಗೇರಿ, ಹುಬ್ಬಳ್ಳಿ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 48. ರಸ್ತೆ ನುಣುಪಾಯಿತು, ವೇಗ ಏರಿತು, ಗಾಳಿಯ ಕೆಲಸ ಶುರುವಾಯಿತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎದುರು ಗಾಳಿ ಪ್ರತಿ ಚದರ ಮೀಟರಿಗೆ ಸುಮಾರು 17 ಕಿಲೋ ಭಾರದಷ್ಟು ಒತ್ತುತ್ತದೆ. 80ಕ್ಕೆ ಏರಿದರೆ ಅದು 30 ಕಿಲೋ ಆಗುತ್ತದೆ. ವೇಗ ಸ್ವಲ್ಪ ಏರಿದರೂ ಒತ್ತಡ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ಸಡಿಲಾದ ಒಂದು ಮೂಲೆ ಪಟಪಟ ಹೊಡೆದುಕೊಳ್ಳಲು ಶುರುವಾದರೆ ಕಣ್ಣೆದುರೇ ಹರಿಯುತ್ತದೆ. ಆ ಸದ್ದು ಕೇಳಿದ ಕೂಡಲೇ ನಿಲ್ಲಿಸಬೇಕು, ಮುಂದಿನ ಧಾಬಾ ಬರಲಿ ಎನ್ನಬಾರದು. ಶಿಗ್ಗಾವಿ, ಹಾವೇರಿ ದಾಟಿ, ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಗೆ ತಿರುಗುವವರೆಗೂ ಕನ್ನಡಿಯಲ್ಲಿ ನನ್ನ ಕಣ್ಣು ತಾಡಪತ್ರಿಯ ಅಂಚಿನ ಮೇಲೇ ಇತ್ತು.

ಬ್ಯಾಡಗಿಯಲ್ಲಿ ಈ ಕಾಳಜಿಯ ಬೆಲೆ ತಿಳಿಯುತ್ತದೆ. ಇಲ್ಲಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಖಾರ ಕಡಿಮೆ, ಬಣ್ಣ ಗಾಢ. ಮಸಾಲೆಗೂ, ಬಣ್ಣದ ಎಣ್ಣೆ ತೆಗೆಯಲಿಕ್ಕೂ ಇದನ್ನು ಹುಡುಕಿಕೊಂಡು ಬರುತ್ತಾರೆ. ಸೋಮವಾರ, ಗುರುವಾರದ ವಹಿವಾಟಿಗೆ ಬಂದ ಡಬ್ಬಿ ಮತ್ತು ಕಡ್ಡಿ ಕಾಯಿಯ ರಾಶಿಗಳ ಮುಂದೆ ವ್ಯಾಪಾರಿ ಕುಳಿತು ಹಿಡಿಯಷ್ಟು ಎತ್ತಿ ನೋಡುತ್ತಾನೆ. ಬಣ್ಣ, ಒಣಗಿದ ಹದ, ಮುರುಕು. ನೀರು ತಾಗಿದ ಕಾಯಿ ಕಪ್ಪಾಗಿ ಬೂಸು ಹಿಡಿಯುತ್ತದೆ, ದರ ಅಲ್ಲೇ ಬೀಳುತ್ತದೆ. ನಾವು ಗಂಟಿನ ತುದಿ ಜಗ್ಗಿ ತಾಡಪತ್ರಿ ಸರಿಸಿದಾಗ ಮೆಣಸಗಿಯಲ್ಲಿ ಹೇರಿದ ಬಣ್ಣವೇ ಹೊರಬಂತು. ಮಾಲಿನ ಜೊತೆ ಬಂದಿದ್ದ ರೈತ ಏನೂ ಮಾತಾಡದೆ ಒಂದು ಕಾಯಿ ಮುರಿದು ಮೂಸಿ ನೋಡಿದ, ತಲೆಯಾಡಿಸಿದ. ಅವನ ವರ್ಷದ ದುಡಿಮೆ ಕೆಡದೆ ಮುಟ್ಟಿತ್ತು.

ಮರಳುವಾಗ ಗದಗದ ಕಡೆಯ ಹೆದ್ದಾರಿ 67ರಲ್ಲಿ ಎದುರಿಗೆ ಬಂದವು ಉಕ್ಕಿನ ಸುರುಳಿ ಹೊತ್ತ ಟ್ರೇಲರುಗಳು. ತೋರಣಗಲ್ಲಿನ ಕಾರ್ಖಾನೆಯಿಂದ ಹೊರಬೀಳುವ ಸುರುಳಿಗಳು ಇದೇ ದಾರಿಯಲ್ಲಿ ಪಶ್ಚಿಮಕ್ಕೆ ಹೋಗುತ್ತವೆ. ಗೋಡೆಯಿಲ್ಲದ ಚಪ್ಪಟೆ ಟ್ರೇಲರು, ಅದರ ಮೇಲೆ ಇಪ್ಪತ್ತು ಟನ್ ಮುಟ್ಟುವ ಒಂದೇ ಸುರುಳಿ. ಧಾಬಾದಲ್ಲಿ ಅಂಥ ಒಂದು ಗಾಡಿ ನಿಂತಿತ್ತು. ಕೊಪ್ಪಳ ಕಡೆಯ ಅದರ ಡ್ರೈವರ್ ಅಣ್ಣ ಕೇಳಿದ್ದಕ್ಕೆಲ್ಲ ಬಿಡಿಸಿ ಹೇಳಿದರು. ಸುರುಳಿಯ ಎರಡೂ ಬದಿ ದಪ್ಪ ಮರದ ಬೆಣೆ. ಉಕ್ಕು ಉಕ್ಕಿನ ಮೇಲೆ ಜಾರುತ್ತದೆ, ಮರ ಮತ್ತು ರಬ್ಬರು ಹಿಡಿಯುತ್ತವೆ. ಸುರುಳಿಯ ಕಣ್ಣಿನೊಳಗಿಂದ ಹಾಯ್ದ ಸರಪಳಿ, ಮುಂದಕ್ಕೆ ತಡೆಯುವುದೇ ಬೇರೆ, ಹಿಂದಕ್ಕೆ ತಡೆಯುವುದೇ ಬೇರೆ. “ಭಾರ ಐತಿ, ಎಲ್ಲಿ ಹೊಕ್ಕೈತಿ ಅಂತಾರ. ಭಾರ ಇದ್ದದ್ದಕ್ಕ ಹೊಕ್ಕೈತಿ” ಎಂದರು ಆ ಅಣ್ಣ.

ಅವರ ಮಾತು ಸರಿ. ಬ್ರೇಕ್ ಹಿಡಿಯುವುದು ಗಾಲಿಯನ್ನು. ಹೊರೆ ತನ್ನ ವೇಗದಲ್ಲೇ ಮುಂದೆ ಹೋಗಲು ನೋಡುತ್ತದೆ. ಅಮೆರಿಕದ ನಿಯಮದಂತೆ ಕಟ್ಟು ಎಂಬುದು ಸರಕಿನ ತೂಕದ 0.8 ಪಾಲು ಬಲವನ್ನು ಮುಂದಕ್ಕೆ, 0.5 ಪಾಲನ್ನು ಹಿಂದಕ್ಕೂ ಪಕ್ಕಕ್ಕೂ ತಡೆಯಬೇಕು. ಇಪ್ಪತ್ತು ಟನ್ನಿನ ಸುರುಳಿಗೆ ಲೆಕ್ಕ ಹಾಕಿದರೆ ಮುಂದಕ್ಕೆ ಹದಿನಾರು ಟನ್. ಆ ಸುರುಳಿಯ ಮುಂದೆ ಇರುವುದು ಡ್ರೈವರನ ಬೆನ್ನು.

ನಮ್ಮ ದೇಶದಲ್ಲೂ ಕಾನೂನು ಬಿಗಿಯಾಗಿದೆ. ಕಬ್ಬಿಣದ ಸಲಾಕೆಗಳು ಲಾರಿಯ ಹಿಂದೆ ಒಂದು ಮೀಟರಿನಷ್ಟು ಚಾಚಬಹುದೆಂದು ಮೊದಲು ಇದ್ದ ರಿಯಾಯಿತಿಯನ್ನು 2014ರಲ್ಲಿ ತೆಗೆದುಹಾಕಿದರು. ರಾತ್ರಿ ಅವುಗಳಿಗೆ ಗುದ್ದಿ ಜೀವ ಕಳೆದುಕೊಂಡವರು ಅಷ್ಟು ಮಂದಿ. 2019ರ ತಿದ್ದುಪಡಿಯ ಮೇಲೆ ಸರಕು ಬಾಡಿಯಿಂದ ಹೊರಚಾಚಿದರೆ ಅಥವಾ ಎತ್ತರ ಮೀರಿದರೆ 20,000 ರೂಪಾಯಿ ದಂಡ, ಇಳಿಸುವ ಖರ್ಚೂ ತಲೆಯ ಮೇಲೆ. 2018ರಲ್ಲಿ ಎರಡು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿದರು. ತೂಕ ಹೆಚ್ಚಿದಷ್ಟು ಕಟ್ಟುವ ಕೈಗಳ ಕಲಿಕೆಯೂ ಹೆಚ್ಚಬೇಕಿತ್ತು. ದಂಡದ ರಸೀದಿಯಿಂದ ಗಂಟು ಹಾಕಲು ಬರುವುದಿಲ್ಲ.

ಮೆಣಸಗಿಗೆ ಮರಳಿ ತಾಡಪತ್ರಿಯನ್ನು ಬಿಸಿಲಿಗೆ ಹರವಿದಾಗ ಊರಿನವರು ಅದನ್ನು ನೋಡುವ ಬಗೆಯೇ ಬೇರೆ ಎಂದು ಗೊತ್ತಾಯಿತು. ಇದರ ಮೇಲೇ ಇಲ್ಲಿ ಕಾಯಿ ಒಣಗಿಸುತ್ತಾರೆ, ಅಕಾಲದ ಮಳೆ ಬಂದರೆ ರಾಶಿಗೆ ಇದನ್ನೇ ಹೊದಿಸುತ್ತಾರೆ. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹೊಳೆಆಲೂರು, ಮೆಣಸಗಿ ಮೊದಲಾದ ದಂಡೆಯ ಊರುಗಳಿಗೆ ನುಗ್ಗಿದಾಗ ಮನೆ ಬಿಟ್ಟು ಎತ್ತರಕ್ಕೆ ಹೋದವರ ತಲೆಯ ಮೇಲೆ ಇದ್ದದ್ದೂ ತಾಡಪತ್ರಿ. 2009ರ ನೆರೆಯ ನಂತರ ಆಸರೆ ಯೋಜನೆಯಲ್ಲಿ ಬೇರೆ ಜಾಗದಲ್ಲಿ ಮನೆಗಳಾದವು. ಮನೆ ಬರುವ ತನಕ ಬಟ್ಟೆಯೇ ಮನೆ. ಗಾಳಿಯ ದಿಕ್ಕು ನೋಡಿ ಅಂಚು ಮಡಚುವುದು, ನೀರು ನಿಲ್ಲದಂತೆ ಏಣು ಕೊಡುವುದು, ಗೂಟಕ್ಕೆ ಬಿಚ್ಚಿಕೊಳ್ಳದ ಗಂಟು ಹಾಕುವುದು ಗೊತ್ತಿದ್ದವರು ಮಕ್ಕಳನ್ನು ಒಣ ಜಾಗದಲ್ಲಿ ಮಲಗಿಸಿದರು. ಲಾರಿಯ ಮೇಲೆ ಕಲಿತದ್ದು ಲಾರಿಗಷ್ಟೇ ಅಲ್ಲವೆಂದು ಈ ಊರು ನನಗೆ ತೋರಿಸಿತು.

ಹೊಸದಾಗಿ ಈ ಕೆಲಸಕ್ಕೆ ಬರುವ ತಮ್ಮಂದಿರಿಗೆ ನನ್ನ ಮಾತು ಇಷ್ಟೇ: ಸ್ಟೇರಿಂಗಿಗಿಂತ ಮೊದಲು ಹಗ್ಗ ಕಲಿಯಿರಿ, ಹೊರಟ ಮೇಲೆ ಒಮ್ಮೆ ಇಳಿದು ನೋಡಿ, ಬೇಡ ಎನ್ನಬೇಕಾದಲ್ಲಿ ಬೇಡ ಎನ್ನಿ. ಲಾರಿ ಮಾಲೀಕರೇ, ಎಳೆ ಎದ್ದ ಹಗ್ಗವನ್ನೇ ಇನ್ನೊಂದು ಸುಗ್ಗಿಗೆ ಬಳಸಬೇಡಿ, ಹೊಸದು ತಂದುಕೊಡಿ. ಅದರ ಬೆಲೆ ಒಂದು ಟೈರಿನ ಬೆಲೆಯಷ್ಟೂ ಆಗುವುದಿಲ್ಲ. ಮಾರುಕಟ್ಟೆಗಳು ತಾಡಪತ್ರಿ ಹೊದಿಸಲು ಮೆಟ್ಟಿಲಿರುವ ಒಂದು ಕಟ್ಟೆಯನ್ನಾದರೂ ಕಟ್ಟಿಸಲಿ, ಹಮಾಲರು ಕೈಹಿಡಿದು ಹತ್ತುವಂತಾಗಲಿ. ಲೈಸೆನ್ಸ್ ಕೊಡುವವರು ಪರೀಕ್ಷೆಯ ದಿನ ಗಾಡಿಯ ಜೊತೆಗೆ ಒಂದು ಹಗ್ಗವನ್ನೂ ಕೈಗೆ ಕೊಟ್ಟು, ಲೋಡು ಕಟ್ಟಿ ತೋರಿಸು ಎಂದು ಕೇಳಲಿ.